ಶಾರ್ಟ್‌ಸ್ಟಾಪ್ ನೀಲಮ್ಮನ ತಪ್ಪಿನ ಕಾಲಂ

ಹೆಂಡತಿಯ ತಪ್ಪುಗಳನ್ನು ಮನಸ್ಸಿನಲ್ಲೇ ಎಣಿಸುವ ಗಂಡಸರಿಗೆ ಲೋಕದಲ್ಲಿ ಬರವಿಲ್ಲ. ಆದರೆ ಉದ್ದನೆಯ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ‘ತಪ್ಪು’ ಎಂದು ತಲೆಬರಹ ಕೊಟ್ಟು, ಆಕೆಯ ಅಪ್ಪಣೆಯ ಮೇರೆಗೇ ಲೆಕ್ಕವಿಟ್ಟವನು ಶಹಾಪುರದಲ್ಲಿ ಬಹುಶಃ ನಾನೊಬ್ಬನೇ. ಅದಕ್ಕಿಂತ ದೊಡ್ಡ ಸೋಜಿಗವೆಂದರೆ, ಒಂಬತ್ತು ವರ್ಷ ಆ ಕಾಲಂ ಖಾಲಿಯಾಗಿಯೇ ಇತ್ತು. ಈ ಸಂಗತಿಯನ್ನು ನಾನು ಗಣಿತ ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ, ನಮ್ಮ ವಿಜ್ಞಾನದ ಮಾಸ್ತರರು ಒಮ್ಮೆ ಬೇಸತ್ತು, "ಪೆನ್ನಿನ್ಯಾಗ ಶಾಯಿ ಇತ್ತೋ ಇಲ್ಲೋ ನೋಡಿರೇನ್ರಿ?" ಎಂದು ಕೇಳಿದ್ದರು.

ನನ್ನ ಹೆಂಡತಿ ನೀಲಮ್ಮ ಸುರಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಕಾಲೇಜಿನ ದಿನಗಳಿಂದಲೂ ಸಾಫ್ಟ್‌ಬಾಲ್ ಆಡುತ್ತಾಳೆ. ಬೇಸ್‌ಬಾಲಿನ ತಂಗಿಯಂಥ ಆಟ ಅದು. ಚೆಂಡು ಹೊಡೆದವಳು ‘ಬೇಸ್’ ಎಂಬ ನಾಲ್ಕು ನೆಲೆಗಳನ್ನು ಒಂದೊಂದಾಗಿ ಓಡಿ ಮುಟ್ಟಬೇಕು. ಎರಡನೆಯ ಬೇಸಿಗೂ ಮೂರನೆಯ ಬೇಸಿಗೂ ನಡುವೆ, ಹೊಡೆತಗಳು ಎಲ್ಲಕ್ಕಿಂತ ಹೆಚ್ಚು ಬರುವ ಜಾಗದಲ್ಲಿ ನಿಲ್ಲುವವಳಿಗೆ ಶಾರ್ಟ್‌ಸ್ಟಾಪ್ ಎನ್ನುತ್ತಾರೆ. ನಮ್ಮಾಕೆ ನಿಲ್ಲುವುದು ಅಲ್ಲೇ. ನೆಲಕ್ಕೆ ತಾಗಿ ಸುಂಯ್ಯನೆ ಬರುವ ಚೆಂಡನ್ನು ಬಾಗಿ ಎತ್ತಿ, ನೆಟ್ಟಗಾಗುವ ಮೊದಲೇ ಮೊದಲನೆಯ ಬೇಸಿಗೆ ಎಸೆದಿರುತ್ತಾಳೆ. ಹೊಡೆದವಳು ಇನ್ನೂ ಅರ್ಧ ದಾರಿಯಲ್ಲಿರುತ್ತಾಳೆ. ಔಟ್ ಮಾಡಿದ ಹೆಸರು ಮೊದಲ ಬೇಸಿನವಳಿಗೆ, ಚಪ್ಪಾಳೆಯೂ ಅವಳಿಗೇ. ನೀಲಮ್ಮನಿಗೆ ಸಿಗುವುದು ‘ನೆರವು’ ಎಂಬ ಕಾಲಮ್ಮಿನಲ್ಲಿ ಒಂದು ಸಣ್ಣ ಗೆರೆ. ಅಂಥ ಗೆರೆಗಳಿಂದ ನನ್ನ ನೋಟ್‌ಬುಕ್ಕಿನ ಪುಟಗಳು ತುಂಬಿಹೋಗಿವೆ. ಅವನ್ನು ನೋಡಿದಾಗಲೆಲ್ಲ, ಈಕೆ ನನ್ನನ್ನು ಹೇಗೆ ಒಪ್ಪಿದಳು ಎಂದು ನನಗೇ ಆಶ್ಚರ್ಯವಾಗುತ್ತದೆ.

ನಾನು ಸ್ಕೋರರ್ ಆದದ್ದು ಯೋಗ್ಯತೆಯಿಂದಲ್ಲ. ವರ್ಷಕ್ಕೊಮ್ಮೆ ನಡೆಯುವ ನೌಕರ ಮಹಿಳೆಯರ ಪಂದ್ಯಕ್ಕೆ ಲೆಕ್ಕ ಬರೆಯುವವರು ಸಿಗದೆ, ಆಕೆ "ನಿಮಗ ಗಣಿತ ಬರತದಲ್ಲ, ಕೂಡ್ರಿ" ಎಂದು ಕುರ್ಚಿ ತೋರಿಸಿದಳು, ಕೂತೆ. ಆಮೇಲೆ ತಿಳಿಯಿತು, ಇದು ಗಣಿತವಲ್ಲ, ನ್ಯಾಯಾಧೀಶನ ಕೆಲಸ ಎಂದು. ಚೆಂಡು ಹಿಡಿಯಲಾಗದಷ್ಟು ಬಿರುಸಾಗಿ ಬಂದಿದ್ದರೆ ಹೊಡೆದವಳಿಗೆ ‘ಹಿಟ್’ ಎಂದು ಬರೆಯಬೇಕು. ಹಿಡಿಯಬಹುದಾದದ್ದನ್ನು ಕೈಬಿಟ್ಟರೆ, ಬಿಟ್ಟವಳ ಹೆಸರಿಗೆ ‘ತಪ್ಪು’. ಯಾವುದು ಹಿಟ್, ಯಾವುದು ತಪ್ಪು ಎಂಬುದು ಸ್ಕೋರರನ ಮರ್ಜಿ. ಹೆಂಡತಿ ಮೈದಾನದಲ್ಲಿರುವಾಗ ಗಂಡನಿಗೆ ಕೊಡಬಾರದ ಅಧಿಕಾರ ಅದು.

ಈ ವರ್ಷದ ಪಂದ್ಯ ಯಾದಗಿರಿಯಲ್ಲಿತ್ತು. ಮೊಣಕಾಲು ನೋವಿನಿಂದಾಗಿ ನೀಲಮ್ಮ, "ಇದ ಕಡೀ ಸಲರಿ" ಎಂದು ಮೊದಲೇ ಹೇಳಿದ್ದಳು. ಖಾಲಿ ಕಾಲಂ ಖಾಲಿಯಾಗಿಯೇ ಮುಗಿಯಬೇಕು ಎಂದು ನಾನು ಮನಸ್ಸಿನಲ್ಲೇ ಬಸವಣ್ಣನಿಗೆ ಕಾಯಿ ಹರಕೆ ಹೊತ್ತಿದ್ದೆ. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಯಾದಗಿರಿ ತಂಡದ ನರ್ಸ್ ಒಬ್ಬರು ಹೊಡೆದ ಚೆಂಡು ಸಂಜೆಯ ವಾಕಿಂಗಿಗೆ ಹೊರಟ ಹಾಗೆ ನಿಧಾನಕ್ಕೆ ಉರುಳುತ್ತ ಬಂತು. ನೀಲಮ್ಮ ಬಾಗಿದಳು. ಚೆಂಡು ಗ್ಲೌಸಿಗೆ ತಾಗಿ, ಜಾರಿ, ಕಾಲ ನಡುವೆ ಹಾದುಹೋಯಿತು. ನಾನು ಅತ್ತಿತ್ತ ನೋಡಿ, ‘ಹಿಟ್’ ಎಂದು ಬರೆದುಬಿಟ್ಟೆ.

ನಮ್ಮ ತಂಡ ಗೆದ್ದಿತು. ನೀಲಮ್ಮ ಬಂದು ನೀರು ಕುಡಿದು, ನೇರವಾಗಿ ನೋಟ್‌ಬುಕ್ಕನ್ನೇ ಕೈಗೆತ್ತಿಕೊಂಡಳು.

"ಇದೇನ್ರಿ, ಹಿಟ್ಟು?"

"ಕಲ್ಲಿಗೆ ಬಡದು ಎಗರಿತಲ್ಲ..."

"ಬರ್ರಿ, ಕಲ್ಲ ತೋರಸ್ರಿ."

ಕೈಹಿಡಿದು ಕರೆದುಕೊಂಡೇ ಹೋದಳು. ಎರಡೂ ತಂಡದವರು ನೋಡುತ್ತಿರುವಾಗ ನಾನು ಬಗ್ಗಿ, ಇಲ್ಲದ ಕಲ್ಲನ್ನು ಸಾಕಷ್ಟು ಹೊತ್ತು ಹುಡುಕಿದೆ. ನಮ್ಮ ಅಂಗಳ ಕೂಡ ಅಷ್ಟು ನುಣ್ಣಗಿಲ್ಲ.

"ಮನ್ಯಾಗ ಬ್ಯಾಳ್ಯಾಗ ಒಂದ ಚಿಟಿಕಿ ಉಪ್ಪ ಹೆಚ್ಚಾದ್ರ ತಪ್ಪ ಅಂತೀರಿ. ನಿಮ್ಮ ಕೈಯಾಗ ಹಾಲ ಉಕ್ಕಿದ್ರ ಒಲಿ ಬರೋಬ್ಬರಿ ಇಲ್ಲ ಅಂತೀರಿ. ಇಲ್ಲಿ ಬಂದು ನನಗ ಮಾಫಿ ಮಾಡಾಕತ್ತೀರೇನು?" ಎಂದಳು. ಆಮೇಲೆ ದನಿ ಸ್ವಲ್ಪ ಇಳಿಯಿತು. "ಈ ಕಾಲಂ ಸುಳ್ಳಾದ್ರ, ಆ ನೆರವಿನ ಕಾಲಂ ಖರೆ ಅಂತ ಯಾರ ನಂಬತಾರರಿ? ಅದು ನಾ ಬೆವರು ಸುರಿಸಿದ್ದು."

‘ಹಿಟ್’ ಎಂದಿದ್ದನ್ನು ಅಳಿಸಿ ‘ತಪ್ಪು: ಒಂದು’ ಎಂದು ಬರೆದೆ. ಆಕೆಯ ಮೇಲೆ ಅಷ್ಟು ಅಭಿಮಾನ ನನಗೆ ಮದುವೆಯ ದಿನವೂ ಉಕ್ಕಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬಸ್ಸು ಭೀಮಾ ಸೇತುವೆ ದಾಟುವಾಗ ಆಕೆ ಹಳೆಯ ಪುಟಗಳನ್ನು ತಿರುವತೊಡಗಿದಳು. "ಭೀಮರಾಯನಗುಡಿ ಕ್ಯಾಂಪಿನ ಆಟದಾಗ ಗೋಗಿ ಊರಿನ ಟೀಚರ್ ಹೊಡದದ್ದು ಕೈಯಾಗಿಂದ ಜಾರಿತ್ತು. ಇಲ್ಲಿ ಹಿಟ್ ಅಂತ ಅದ. ನಾರಾಯಣಪುರದಾಗ ನಾ ಒಗದ ಚೆಂಡ ಮೊದಲ ಬೇಸಿನಾಕಿ ತಲಿ ಮ್ಯಾಲಿಂದ ಹೋತು. ಅದನ್ನ ಬರದೇ ಇಲ್ಲ." ಪೆನ್ನು ಕಸಿದು ತಾನೇ ತಿದ್ದಿದಳು. ಇಷ್ಟು ವರ್ಷ ಯಾಕೆ ನೋಡಲಿಲ್ಲವೆಂದು ಕೇಳಿದೆ. "ಗಣಿತದ ಮಾಸ್ತರ ಅಂತ ನಂಬಿದ್ದೆ" ಎಂದಳು. ಒಟ್ಟು ತಪ್ಪು ಮೂರಾಯಿತು. ಕೊನೆಯ ಪುಟದಲ್ಲಿ ನನ್ನ ಹೆಸರು ಬರೆದು, ‘ಸ್ಕೋರರ್’ ಎಂದು ಸೇರಿಸಿ, ಅದರ ಮುಂದೆಯೂ ಮೂರು ಎಂದು ಬರೆದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಬೇಳೆಯಲ್ಲಿ ಉಪ್ಪು ನಾಲಿಗೆ ಸುಡುವಷ್ಟಿತ್ತು. ಪಾಠ ಕಲಿತವನಂತೆ ನಾನು ತುಟಿ ಬಿಚ್ಚದೆ ಎರಡು ರೊಟ್ಟಿ ಮುಗಿಸಿದೆ. ಆಮೇಲೆ ಆಕೆ ಬಾಯಿಗಿಟ್ಟು ನೋಡಿ, ನನ್ನನ್ನೇ ದಿಟ್ಟಿಸಿದಳು.

"ಉಪ್ಪ ಹೆಚ್ಚಾಗ್ಯದ. ಹೇಳಾಕ ಏನಾಗಿತ್ತು ನಿಮಗ? ಮತ್ತ ಸುಳ್ಳ ಲೆಕ್ಕ ಏನು? ಹೋಗ್ರಿ, ಬರೀರಿ."

ಎದ್ದು ಹೋಗಿ ನೋಟ್‌ಬುಕ್ ತೆಗೆದೆ. ಯಾರ ಹೆಸರಿನ ಮುಂದೆ ಬರೆಯಬೇಕೆಂದು ಕೇಳುವ ಧೈರ್ಯವಾಗಲಿಲ್ಲ. ಕೊನೆಯ ಪುಟಕ್ಕೆ ಹೋಗಿ ಮೂರನ್ನು ನಾಲ್ಕು ಮಾಡಿಕೊಂಡು, ಬಂದು ಊಟಕ್ಕೆ ಕೂತೆ.