ಮಡಿಸದ ಹಾಳೆಯ ಊರು

ತೊಂದರೆ ಶುರುವಾದದ್ದು ಒಂದು ಸುಳ್ಳಿನಿಂದ. ದೊಡ್ಡ ಸುಳ್ಳೇನಲ್ಲ. "ಬಾ ಅಕ್ಕಾ, ಈ ಊರಿನ ಗಲ್ಲಿಗಲ್ಲಿ ನಂಗೊತ್ತು" ಎಂದಿದ್ದ, ಅಷ್ಟೇ.

ಹೇಳಿದವನು ಪುಸ್ತಕ ಕಟ್ಟುವ ಅಂಗಡಿಯಲ್ಲಿ ಹಾಳೆ ಮಡಿಸುವವನು. ಬಂದು ಆರು ತಿಂಗಳಾದರೂ ಅವನು ಕಂಡದ್ದು ತನ್ನ ಕೋಣೆ, ಅಂಗಡಿ, ನಡುವಿನ ನಾನೂರು ಹೆಜ್ಜೆ. ಆದರೆ ಹೋದ ತಿಂಗಳು ಊರಿನ ಪ್ರವಾಸಿ ಕೈಪಿಡಿಯ ಎರಡು ಸಾವಿರ ಪ್ರತಿ ಅವನ ಕೈಯಲ್ಲೇ ಮಡಿಕೆಯಾಗಿದ್ದವು. ಕೆರೆ, ವಸ್ತುಸಂಗ್ರಹಾಲಯ, ಗಡಿಯಾರದ ಗೋಪುರ, ಎಲ್ಲದರ ಚಿತ್ರವನ್ನೂ ನೋಡಿದ್ದ. ನೋಡಿದ್ದನ್ನೆಲ್ಲ ಫೋನಿನಲ್ಲಿ ಅಕ್ಕನಿಗೆ, ತಾನೇ ತಿರುಗಿ ಬಂದವನಂತೆ ಹೇಳುತ್ತಿದ್ದ.

ಈಗ ನಾಲ್ಕು ವರ್ಷದ ಮೇಲೆ ಅಕ್ಕ ಬರುತ್ತಿದ್ದಳು. ಭಾವನಿಗೆ ಕೆಲಸ ಸಿಕ್ಕ ಊರು ಬಹಳ ದೂರ. ದಾರಿಯಲ್ಲಿ ಇಲ್ಲಿ ರೈಲು ಬದಲಿಸಬೇಕು. ಮಧ್ಯಾಹ್ನ ಎರಡಕ್ಕೆ ಇಳಿದರೆ ಐದಕ್ಕೆ ಮುಂದಿನ ರೈಲು.

"ಮೂರು ಗಂಟೆ ಸಿಗತ್ತೆ ಕಣೋ. ನಿನ್ನೂರು ತೋರಿಸು" ಎಂದಿದ್ದಳು. ಮತ್ತೆ ಯಾವಾಗ ಭೇಟಿಯೋ ಇಬ್ಬರಿಗೂ ಗೊತ್ತಿರಲಿಲ್ಲ.

ಅದಕ್ಕೇ ಆ ದಿನ ಬೆಳಿಗ್ಗೆ ಏಳಕ್ಕೆ, ಅಕ್ಕ ಬರುವುದರೊಳಗೆ ಊರು ಕಲಿತುಬಿಡೋಣವೆಂದು ಹೊರಟ. ಫೋನು ಹಿಂದಿನ ದಿನವಷ್ಟೇ ಅಂಟಿನ ಬಕೆಟ್ಟಿಗೆ ಬಿದ್ದು ಬಾಯಿ ಮುಚ್ಚಿಕೊಂಡಿತ್ತು. ಅವನ ಕೋಣೆಯಿದ್ದ ಬೀದಿಯ ಮೂಲೆಯಲ್ಲಿ ಸೈಕಲ್ ಅಂಗಡಿಯ ಮಾಮ ಎಂದಿನಂತೆ ಕಂಬಕ್ಕೆ ಟೈರುಗಳನ್ನು ನೇತುಹಾಕುತ್ತಿದ್ದರು. ಆ ಟೈರುಗಳಿಂದಲೇ ಅದು ಎಲ್ಲರ ಬಾಯಲ್ಲೂ ಟೈರು ಬೀದಿ.

"ಮಾಮ, ಒಂದಿನಕ್ಕೆ ಸೈಕಲ್ ಕೊಡಿ. ಕೆರೆ ನೋಡ್ಬೇಕು."

"ತಗೊಂಡು ಹೋಗು. ಎಡಕ್ಕೆ ತಿರುಗು."

"ಬಲಕ್ಕೆ!" ಮಹಡಿಯಿಂದ ಮನೆಯೊಡತಿ ಕೂಗಿದಳು. "ಎಡಕ್ಕೆ ಹೋದ್ರೆ ಏರು. ಅರ್ಧ ದಾರೀಲಿ ಆ ಸೈಕಲ್ಲೇ ಇವನ ಮೇಲೆ ಹತ್ತಿ ಕೂರತ್ತೆ."

"ನಂಗೆಲ್ಲಾ ಗೊತ್ತು" ಎಂದು ಅವನು ನೇರ ಹೋದ.

ಬಿಸಿಲೇರಿತು. ದಾರಿಯಲ್ಲೊಂದು ಹಳದಿ ಟೋಪಿ ಕೊಂಡು ಹಾಕಿಕೊಂಡ. ಧೂಳಿಗೆಂದು ಮೂಗಿನ ಮೇಲೆ ಕರವಸ್ತ್ರ ಕಟ್ಟಿದ. ಹತ್ತರ ಹೊತ್ತಿಗೆ ಕೆರೆಯೇನೋ ಸಿಕ್ಕಿತು, ಆದರೆ ಅದರ ಪಕ್ಕದಲ್ಲಿ ವಸ್ತುಸಂಗ್ರಹಾಲಯವಿರಲಿಲ್ಲ. ಅವನು ಮಡಿಸಿದ ದೊಡ್ಡ ಹಾಳೆಯಲ್ಲಿ ಎರಡೂ ಒತ್ತಿಕೊಂಡೇ ಇದ್ದವು. ನಾಲ್ಕನೇ ಪುಟದ ಪಕ್ಕ ಹದಿಮೂರನೇ ಪುಟ ಅಚ್ಚಾಗುತ್ತದೆ, ಮಡಿಸಿದ ಮೇಲೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಇದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಊರನ್ನೂ ಹಾಗೆಯೇ ಮಡಿಸಿಟ್ಟಿರುತ್ತಾರೆಂದು ಮಾತ್ರ ಹೊಳೆದಿರಲಿಲ್ಲ.

ಹಿಂತಿರುಗುವಾಗ ನಾಲ್ಕು ದಾರಿ ಕೂಡುವಲ್ಲಿ ಟ್ಯಾಕ್ಸಿಯೊಂದು ಪಕ್ಕಕ್ಕೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಮುಖದ ಮೇಲೆ ಶಾಲೆಳೆದುಕೊಂಡು ನಿದ್ದೆಹೋಗಿದ್ದಳು.

"ಅಣ್ಣಾ, ಹಳೇ ಕಾಲುವೆ ಬೀದಿ ಎಲ್ಲಿ ಬರತ್ತೆ? ನಾನು ಈ ಊರಿಗೆ ಹೊಸಬ" ಎಂದ ಟ್ಯಾಕ್ಸಿಯವನು.

ತನ್ನನ್ನು ಊರಿನವನೆಂದುಕೊಂಡರಲ್ಲ! ಗೊತ್ತಿಲ್ಲವೆನ್ನಲು ನಾಲಿಗೆ ಏಳಲಿಲ್ಲ. ಕಾಲುವೆ ಎಂದಮೇಲೆ ನೀರಿನ ಹತ್ತಿರವೇ ತಾನೆ ಇರಬೇಕು?

"ನೇರ ಹೋಗಿ ಕೆರೆ ದಾಟಿ. ಅಲ್ಲಿಂದ ಇನ್ನೂ ಮೂರು ಮೈಲಿ. ಮಧ್ಯೆ ಯಾರನ್ನೂ ಕೇಳ್ಬೇಡಿ, ಗೊತ್ತಿಲ್ದೆ ಇದ್ರೂ ದಾರಿ ಹೇಳೋರೇ ಜಾಸ್ತಿ."

ಟ್ಯಾಕ್ಸಿ ಹೋಯಿತು. ಅವನು ಎದೆಯುಬ್ಬಿಸಿ, ಅಲ್ಲೇ ಸೈಕಲ್ಲಿಗೆ ಬೀಗ ಹಾಕಿ, ವಸ್ತುಸಂಗ್ರಹಾಲಯಕ್ಕೆಂದು ಎದುರಿಗೆ ಬಂದ ಬಸ್ ಹತ್ತಿದ. ಅದು ಊರು ಸುತ್ತುವ ಬಸ್ಸು. ಕೊನೆಯ ಸ್ಟಾಪೆಂಬುದೇ ಇಲ್ಲ. ಎಲ್ಲರೂ ಇಳಿಯುವಲ್ಲಿ ಇಳಿಯೋಣವೆಂದು ಕೂತ. ಎಲ್ಲರೂ ಒಟ್ಟಿಗೆ ಎಲ್ಲೂ ಇಳಿಯಲಿಲ್ಲ. ಬೆಳಗಿನಿಂದ ತುಳಿದ ಕಾಲು, ಕಿಟಕಿಯ ಗಾಳಿ; ಕಣ್ಣು ಹತ್ತಿತು.

ಎಚ್ಚರವಾದಾಗ ಕಂಡಕ್ಟರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಏನಪ್ಪಾ, ಮೂರನೇ ಸುತ್ತು. ಬಸ್ಸು ಕೊಂಡ್ಕೊಳ್ಳೋ ಯೋಚನೆನಾ?"

"ರೈಲ್ವೆ ಸ್ಟೇಷನ್ನು..."

"ಎರಡು ಸಲ ದಾಟಿದ್ವಲ್ಲೋ! ಮೊದಲನೇ ಸಲ ಅದನ್ನ ಗೋಡೌನು ಅಂದೆ. ಎರಡನೇ ಸಲ ಗೊರಕೆ ಹೊಡೀತಿದ್ದೆ."

ಗಂಟೆ ಮೂರೂವರೆ. ಸೈಕಲ್ ಬಿಟ್ಟ ಸ್ಟಾಪು ಬಂದಿತ್ತು. ಧುಮುಕಿ, ಕಂಡಕ್ಟರು ಕೈತೋರಿದ ಕಡೆಗೆ ಹುಚ್ಚನಂತೆ ತುಳಿದ. ಅರ್ಧ ದಾರಿಯಲ್ಲಿ ಟೈರು ಢಬ್ಬೆಂದಿತು. ಸೈಕಲ್ಲನ್ನು ಹಟಮಾರಿ ಕರುವಿನಂತೆ ಎಳೆದುಕೊಂಡು ಓಡಿದ. ಸ್ಟೇಷನ್ ಮುಟ್ಟಿದಾಗ ಐದು ಗಂಟೆ ಹತ್ತು ನಿಮಿಷ.

ಪ್ಲಾಟ್‌ಫಾರಂ ಗುಡಿಸುತ್ತಿದ್ದರು. ಅವನು ಬೆಂಚುಗಳನ್ನು ಒಂದೊಂದಾಗಿ ನೋಡುತ್ತ ಹೋದ. ಇವುಗಳಲ್ಲಿ ಯಾವುದರ ಮೇಲೆ ಅಕ್ಕ ಮೂರು ಗಂಟೆ ಕೂತಿದ್ದಳೋ, ಬಂದವರ ಮುಖವನ್ನೆಲ್ಲ ನೋಡುತ್ತ.

ಕತ್ತಲಾಗುವ ಮುಂಚೆ ಟೈರು ಬೀದಿಗೆ ಬಂದ. "ಮಾಮ, ಟೈರು ಹೋಯ್ತು."

"ಟೈರು ಹಾಳಾಗ್ಲಿ, ನೀನೆಲ್ಲಿ ಹೋಗಿದ್ದೆ? ನಿಮ್ಮಕ್ಕ ಬಂದಿದ್ರು."

"ಎಲ್ಲಿಗೆ?"

"ಇಲ್ಲಿಗೇ! ನಿನ್ನ ಜೊತೆ ಇನ್ನಷ್ಟು ಹೊತ್ತು ಇರೋಣ ಅಂತ ಮುಂಚಿನ ರೈಲಿಗೇ ಬಂದ್ರಂತೆ, ಹತ್ತಕ್ಕೆ. ನಿನ್ನ ಫೋನು ಸತ್ತಿದೆ, ನಿಮ್ಮ ಅಂಗಡಿ ಯಜಮಾನ್ರಿಗೆ ಫೋನ್ ಮಾಡಿ ವಿಳಾಸ ಬರ್ಕೊಂಡು ಟ್ಯಾಕ್ಸಿ ಹತ್ತಿದಾರೆ. ಆದ್ರೆ ಬಂದು ಮುಟ್ಟಿದ್ದು ಒಂದೂವರೆಗೆ. ಮನೆಯೊಡತಿ ಕೋಣೆ ಬೀಗ ತೆಗೆದುಕೊಟ್ರು. ನಾಲ್ಕೂವರೆ ತನಕ ನಿನ್ನ ಮಂಚದ ಮೇಲೆ ಕೂತು, ನಿನ್ನ ಶರ್ಟುಗಳಿಗೆಲ್ಲ ಗುಂಡಿ ಹಚ್ಚಿ ಹೋದ್ರು."

ಮಾಮ ಮಾತಾಡುತ್ತಲೇ ಅಳತೆಗೆ ಹೊಂದುವ ಟೈರು ಹುಡುಕಿ ಕಂಬದಿಂದ ಒಂದೊಂದನ್ನೇ ಇಳಿಸುತ್ತಿದ್ದರು. ಕೊನೆಯ ಟೈರಿನ ಹಿಂದೆ ತುಕ್ಕು ಹಿಡಿದ ನೀಲಿ ಹಲಗೆಯೊಂದು ಕಂಡಿತು. ಹಳೇ ಕಾಲುವೆ ಬೀದಿ.

ಅವನು ಹಲಗೆಯ ಅಕ್ಷರಗಳನ್ನು ಮತ್ತೊಮ್ಮೆ ಓದಿದ.

"ಯಾವನೋ ಸೈಕಲ್ಲಿನವನು, ಮೂಗಿಗೆ ಬಟ್ಟೆ, ತಲೆಗೆ ಹಳದಿ ಟೋಪಿ, ಟ್ಯಾಕ್ಸಿಯವನನ್ನ ಕೆರೆ ಆಚೆ ಅಟ್ಟಿಬಿಟ್ನಂತೆ. ನಿಮ್ಮಕ್ಕ ಬೇಜಾರು ಮಾಡ್ಕೊಳ್ಳಲಿಲ್ಲ ನೋಡು. 'ನನ್ನ ತಮ್ಮ ಸಿಕ್ಕಿದ್ರೆ ಹೀಗಾಗ್ತಿರಲಿಲ್ಲ, ಅವನಿಗೆ ಈ ಊರಿನ ಗಲ್ಲಿಗಲ್ಲಿ ಗೊತ್ತು' ಅಂದ್ರು. ಆ ಟೋಪಿಯವನು ಕಂಡ್ರೆ ಅಕ್ಕನ ಹೆಸರಲ್ಲಿ ಎರಡು ಬಿಗೀಬೇಕಂತೆ ನೀನು."

ಟೈರು ಹಿಡಿದು ತಿರುಗಿದ ಮಾಮನ ಕಣ್ಣು ಅವನ ತಲೆಯ ಮೇಲೆ ನಿಂತಿತು.

ಅವನು ಟೋಪಿ ತೆಗೆದ. ಒಂದು ಮಡಿಕೆ, ಎರಡು ಮಡಿಕೆ, ಮೂರು ಮಡಿಕೆ ಮಾಡಿ ಜೇಬಿಗೆ ತುರುಕಿದ. ಮಡಿಸುವುದೊಂದು ಅವನಿಗೆ ನಿಜವಾಗಿಯೂ ಗೊತ್ತಿತ್ತು.