ಅಭಿಪ್ರಾಯದ ಕಾಲಮ್ಮಿನಲ್ಲಿ ಎರಡು ಗೀಟು

ಆ ದಿನ ಸಭೆಯಲ್ಲಿ ನಾನು ನಿಜವಾಗಿ ಏನು ಮಾಡಿದೆ ಎಂಬುದು ನನಗೆ ಖಚಿತವಿಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿದ್ದರಿಂದ ನನಗಾದ ಒಂದೇ ಲಾಭವೆಂದರೆ, ಯಾರು ಏನು ಹೇಳಿದರೂ ‘ಇದಕ್ಕೆ ಆಧಾರವೇನು’ ಎಂದು ಕೇಳುವ ಚಟ. ಬೇರೆಯವರನ್ನು ಕೇಳಿ ಕೇಳಿ ಸಾಕಾಗಿ, ಈಚೆಗೆ ನನ್ನ ನೆನಪನ್ನೇ ಕೇಳತೊಡಗಿದ್ದೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಬಸ್ ನಿಲ್ದಾಣದಿಂದ ಮನೆಗೆ ಓಡಿ ಬಂದದ್ದುಂಟು. ಬಂದು ನೋಡಿದರೆ ಅಂದು ಒಲೆ ಹಚ್ಚಿಯೇ ಇರಲಿಲ್ಲ.

ದೇವರಾಜ ಅರಸು ಬಡಾವಣೆಯ ನಮ್ಮ ರಸ್ತೆಯನ್ನು ಅಗೆದು, ಚರಂಡಿ, ಫುಟ್‌ಪಾತ್ ಸಮೇತ ಹೊಸದಾಗಿ ಮಾಡುತ್ತಾರಂತೆ. ಅದಕ್ಕೆ ಸಾರ್ವಜನಿಕರ ಅಭಿಪ್ರಾಯ ಕೇಳಲು ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು. ನಕ್ಷೆಯಲ್ಲಿ ಚರಂಡಿ ನೆಟ್ಟಗೆ ಬಂದು ತಿರುವಿನ ಹೊಂಗೆಮರಕ್ಕೆ ಗುದ್ದಿ ನಿಂತಿತ್ತು. ಮರ ಕಡಿಯಬೇಕು, ಇಲ್ಲವೇ ಚರಂಡಿ ಬಳಸಿಕೊಂಡು ಹೋಗಬೇಕು. ಆ ಮರದ ಬುಡದಲ್ಲಿ ಪಂಕ್ಚರ್ ಹಾಕುವ ಬಶೀರ್ ಸಾಬರು ಇಪ್ಪತ್ತು ವರ್ಷದಿಂದ ಕೂತಿದ್ದಾರೆ. ಅವರ ಅಂಗಡಿಯೆಂದರೆ ಒಂದು ಪಂಪು, ಒಂದು ಬೋಗುಣಿ ನೀರು ಮತ್ತು ಆ ನೆರಳು. ಸಭೆಯಲ್ಲಿ ಮೊದಲು ಎದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಚನ್ನಬಸಪ್ಪನವರು. ಈಗ ಹರಿಹರದಲ್ಲಿ ಮಗಳ ಜೊತೆಗಿದ್ದರೂ ನಮ್ಮ ಬೀದಿಯಲ್ಲಿ ಅವರದೊಂದು ಮನೆ ಇದೆ. “ಬಾಗಿದ ರಸ್ತೆ ನೋಡಿದ್ರೆ ನನ್ನ ಕಣ್ಣಾಗೆ ಮುಳ್ಳಾಡಿದಂಗೆ ಆಗ್ತೈತ್ರಿ. ಗೀಟು ಅಂದ್ರೆ ನೆಟ್ಟಗಿರಬೇಕು,” ಎಂದರು. ಹಿಂದಿನ ಸಾಲಿನಲ್ಲಿದ್ದ ಬಶೀರ್ ಸಾಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಕೊನೆಗೆ ಒಂದು ರಿಜಿಸ್ಟರ್ ಕೈಯಿಂದ ಕೈಗೆ ಬಂತು. ಹೆಸರು, ಅಭಿಪ್ರಾಯ, ಸಹಿ. ಮೊದಲ ಹೆಸರು ಮೇಷ್ಟ್ರದು. ರಿಜಿಸ್ಟರಿನ ಬೆನ್ನಿಗೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣಗಳೂ ಬಂದವು. ಬಿಸಿ ಮೆಣಸಿನಕಾಯಿಯ ವಾಸನೆ ಬಂದಮೇಲೆ ನಮ್ಮೂರಲ್ಲಿ ಯಾರೂ ಉದ್ದಕ್ಕೆ ಬರೆಯುವುದಿಲ್ಲ. ಮೇಲೆ ಏನಿದೆಯೆಂದೂ ನೋಡದೆ, ಮೇಲಿನವರು ಬರೆದದ್ದೇ ನಮ್ಮದೂ ಎಂದು ಎರಡು ಪುಟ್ಟ ಗೀಟು ಎಳೆದು, ಸಹಿ ಹಾಕಿ ಪಕ್ಕಕ್ಕೆ ದಾಟಿಸುತ್ತಾರೆ. ನಾನೊಬ್ಬ ಮಾತ್ರ ಹಾಗೆ ಮಾಡದೆ, ಮರದ ಪರವಾಗಿ ಮೂರು ಸಾಲು ಬರೆದೆ ಎಂದು ನನ್ನ ನೆನಪು. ‘ನೆರಳೂ ಸಾರ್ವಜನಿಕ ಸೌಲಭ್ಯವೇ’ ಎಂಬ ವಾಕ್ಯವಂತೂ ಕಣ್ಣಿಗೆ ಕಟ್ಟಿದಂತಿದೆ.

ಮನೆಗೆ ಬಂದು ಅದನ್ನು ಹೆಮ್ಮೆಯಿಂದ ಹೇಳಿದೆ. ಸಭೆಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ ಹೆಂಡತಿ, “ಎಲ್ಲಿ ಬರೆದ್ರಿ? ಎರಡು ಗೀಟು ಎಳೆದು ಮುಂದಕ್ಕೆ ಕೊಟ್ರಲ್ಲ,” ಅಂದಳು.

“ಆಧಾರವೇನು?”

“ನನ್ನ ಪಾಲಿನ ಮೆಣಸಿನಕಾಯೂ ನಿಮ್ಮ ಬಾಯಾಗೇ ಇತ್ತಲ್ಲ, ಅದೇ ಆಧಾರ.”

ಅವಳ ಮಾತು ನಿಜವಾದರೆ ಇಡೀ ಬೀದಿ, ನನ್ನನ್ನೂ ಸೇರಿಸಿಕೊಂಡು, ಮೇಷ್ಟ್ರ ನೆಟ್ಟನೆಯ ಗೀಟಿಗೆ ಹೂಂ ಎಂದಂತಾಯಿತು. ಮರುದಿನ ತಿರುವಿನಲ್ಲಿ ಬಶೀರ್ ಸಾಬರು ನನ್ನ ಸ್ಕೂಟರ್ ನಿಲ್ಲಿಸಿದರು. “ನೀವು ಓದಿದೋರು ಸಾರ್. ಏನಾರ ಚೆನ್ನಾಗಿ ಬರೆದಿರ್ತೀರಿ ಅಂತ ಧೈರ್ಯದಾಗೆ ಇದೀನಿ.” ನನ್ನ ಟೈರುಗಳು ಗಟ್ಟಿಯಾಗಿಯೇ ಇದ್ದವು. ಆದರೂ ಗಾಳಿ ಹಾಕಿಸಿಕೊಂಡೆ. ಅವರ ಮುಖ ನೋಡದೆ ನಿಲ್ಲಲು ಬೇರೆ ದಾರಿ ಇರಲಿಲ್ಲ. ರಿಜಿಸ್ಟರ್ ನೋಡೋಣವೆಂದರೆ ಅದು ಎಂಜಿನಿಯರ್ ಬೀರುವಿನಲ್ಲಿ, ಎಂಜಿನಿಯರ್ ಸೋಮವಾರದವರೆಗೆ ರಜೆಯಲ್ಲಿ. ಭಾನುವಾರ ತಡೆಯಲಾರದೆ ಹರಿಹರದ ಬಸ್ ಹತ್ತಿದೆ.

ಮೇಷ್ಟ್ರು ಜಗುಲಿಯಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಆವತ್ತು ರಿಜಿಸ್ಟರಿನಲ್ಲಿ ಏನು ಬರೆದಿರಿ ಎಂದು ಕೇಳಿದೆ.

“ಬರಿಯಾದೇನು, ಚಿತ್ರ ಬಿಡಿಸ್ದೆ,” ಎಂದರು. “ಮೊದ್ಲು ಮರ ಹಾಕ್ದೆ. ಅದು ಎಷ್ಟು ದೊಡ್ಡದು ಅಂತ ತಿಳಿಯಾಕೆ ಬುಡಕ್ಕೊಬ್ಬ ಮನುಷ್ಯ ಬೇಕಲ್ಲಪ್ಪ, ಬಶೀರನ್ನ ಕುಂಡ್ರಿಸ್ದೆ. ಪಂಪಿನ ಸಮೇತ ಭಾಳ ಚೆನ್ನಾಗಿ ಬಂದ. ಆಮ್ಯಾಲೆ ಚರಂಡಿ ಎಳಿಯಾಕೆ ಹೋದ್ರೆ, ಗೀಟು ನೆಟ್ಟಗೆ ಅವನ ಎದೆ ಮ್ಯಾಲೆ ಹಾದು ಹೋಗ್ತೈತೆ.”

ಪೆನ್ಸಿಲಿನ ಮೊನೆಯನ್ನು ಸ್ವಲ್ಪ ಹೊತ್ತು ನೋಡಿದರು. “ಬಳಸಿ ಎಳದೆ. ಬಾಗಿದ್ರೂ ಚೆಂದ ಐತೆ. ಯಾರಿಗೂ ಹೇಳಬ್ಯಾಡ.”

ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಸಿಗಲಿಲ್ಲವೆಂಬುದು ಇಳಿಯುವಾಗಲೇ ಗಮನಕ್ಕೆ ಬಂದದ್ದು. ಇಡೀ ಬೀದಿ ಹೂಂ ಎಂದದ್ದು ಮೇಷ್ಟ್ರ ಬಾಗಿದ ಗೀಟಿಗೆ. ನಾನು ಬರೆದಿದ್ದರೂ ಸರಿ, ಗೀಟೆಳೆದಿದ್ದರೂ ಸರಿ, ಮರ ಉಳಿಯಿತು. ಸೋಮವಾರ ಎಂಜಿನಿಯರ್ ಅದನ್ನೇ ಹೇಳಿದರು: “ಇಷ್ಟು ಒಗ್ಗಟ್ಟಿರೋ ಬೀದಿ ನಾ ನೋಡೇ ಇಲ್ಲ ಸಾರ್. ಚರಂಡಿ ತಿರುಗಿಸ್ತೀವಿ, ಹೋಗ್ರಿ.” ಅಷ್ಟಕ್ಕೇ ಮನೆಗೆ ಹೋಗಿ, ಆ ಮೂರು ಸಾಲುಗಳನ್ನು ಜೀವನಪೂರ್ತಿ ನೆನೆಸಿಕೊಂಡು ಸುಖವಾಗಿರಬಹುದಿತ್ತು. ಆದರೆ ಆಧಾರ ಕೇಳುವ ಚಟ ಬಿಡಬೇಕಲ್ಲ. ರಿಜಿಸ್ಟರ್ ತೆಗೆಸಿ ನೋಡಿದೆ. ಎಲ್ಲರೂ ದಾರಕ್ಕೆ ಕಟ್ಟಿದ್ದ ಬಾಲ್‌ಪೆನ್ನಿನಲ್ಲಿ ಬರೆದಿದ್ದರು, ಶಾಯಿ ಪೆನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದವನು ನಾನೊಬ್ಬನೇ. ಹದಿನೇಳನೆಯ ಹೆಸರು ನನ್ನದು. ಅದರ ಮುಂದೆ, ನನ್ನದೇ ಶಾಯಿಯಲ್ಲಿ, ಎರಡು ಗೀಟುಗಳಿವೆ. ಪಕ್ಕದಲ್ಲಿ ಹೆಬ್ಬೆರಳಿನಷ್ಟಗಲ ಮೆಣಸಿನಕಾಯಿಯ ಎಣ್ಣೆ.