ಲೈಕೋರ್ತಾಸನ ಹೊಲದ ದೈತ್ಯ

ಆರ್ಕೇಡಿಯಾದ ಲೈಕೋರ್ತಾಸನಿಗೆ ಇದ್ದದ್ದು ಒಂದೇ ಹೊಲ. ಆ ಬೆಳಿಗ್ಗೆ ಜವೆಗೋಧಿ ಬಿತ್ತನೆಗೆಂದು ಉಳುತ್ತಿದ್ದಾಗ ನೇಗಿಲು ಏನಕ್ಕೋ ತಗುಲಿ ನಿಂತಿತು. ಕಲ್ಲಿರಬೇಕೆಂದು ಕೆದಕಿದರೆ ಮೂಳೆ. ಅದರ ಪಕ್ಕ ಮಲಗಿ ಅಳೆದು ನೋಡಿದ. ಒಂದೇ ಮೂಳೆ ಅವನ ಎದೆಯ ತನಕ ಬಂತು.

ಮಲಗಿದವನನ್ನು ಕಂಡು ಸತ್ತೇ ಹೋದನೆಂದು ಪಕ್ಕದ ಹೊಲದ ಡೆಕ್ಸಿಯಾಸ ಓಡಿ ಬಂದ. ಪರರ ಸಂಗತಿಯೆಂದರೆ ಉಣ್ಣುವ ತುತ್ತು ಬಿಟ್ಟು ಬರುವ ಆಸಾಮಿ. ಮೂಳೆ ನೋಡಿದ್ದೇ ತಡ, ಇದು ಹಿಂದಿನ ಕಾಲದ ಯಾವನೋ ಮಹಾವೀರನ ತೊಡೆ, ಗುಡಿ ಕಟ್ಟಲೇಬೇಕು ಎಂದ. "ಆಚೆ ಊರಲ್ಲೂ ಹಿಂಗೇ ಸಿಕ್ತು ನೋಡಣ್ಣ. ಆಲಿವ್ ತೋಪು ಪೂರಾ ವೀರನ ಪಾಲಾಯ್ತು. ತೋಪಿನ ಒಡೆಯ ಈಗ ಆಡು ಕಾಯ್ತಾನೆ," ಎಂದು ಸಂತೋಷವಾಗಿ ಹೇಳಿ, ಪೂಜಾರಿಯನ್ನು ಕರೆತರಲು ಹೊರಟೇಬಿಟ್ಟ.

ಇದ್ದೊಂದು ಹೊಲವೂ ಹೋಯಿತೆಂದುಕೊಂಡ ಲೈಕೋರ್ತಾಸ. ಗಂಜಿ ತಂದ ಹೆಂಡತಿ ಥಿಯಾನೊಳೊಂದಿಗೆ ಕೂತು ಯೋಚಿಸಿದ. ವೀರನಾದರೆ ತಾನೆ ಗುಡಿ? ಜೀಯಸ್ ದೇವರ ಮೇಲೆ ದಂಡೆತ್ತಿ ಹೋದ ದೈತ್ಯರಲ್ಲೊಬ್ಬನಾದರೆ ಯಾರು ಪೂಜಿಸುತ್ತಾರೆ? ಮೂಳೆಯನ್ನು ಕಮರಿಗೆಸೆದು ಕೈತೊಳೆದುಕೊಳ್ಳುತ್ತಾರೆ. ಹೊಲ ಉಳಿಯುತ್ತದೆ.

ಮುದಿ ಪೂಜಾರಿ ಆಗಿಯಾಸ ಅರ್ಧ ಊರನ್ನು ಹಿಂದೆ ಕಟ್ಟಿಕೊಂಡು ಬಂದ. ಇದು ದೈತ್ಯನದೆಂದು ಲೈಕೋರ್ತಾಸ ಹೇಳಿದ್ದು ಕೇಳಿ ನಕ್ಕ.

"ದೈತ್ಯರಿಗೆ ಕಾಲು ಎಲ್ಲಿಂದ ಬರ್ಬೇಕು ಮಗಾ? ಸೊಂಟದ ಕೆಳಗೆ ಹಾವು ಅವರಿಗೆ. ಇದು ತೊಡೆ. ತೊಡೆ ಇದ್ದೋನು ವೀರ."

"ತೊಡೆ ಅಲ್ಲ ಅಜ್ಜ, ತೋಳು," ಎಂದ ಲೈಕೋರ್ತಾಸ.

ತೋಳೇ ಇಷ್ಟಾದರೆ ಆಳೆಷ್ಟು ಎಂದು ಜನ ಗುಸುಗುಸು ಶುರುಮಾಡಿದರು. ಥಿಯಾನೊ ಇನ್ನಷ್ಟು ಅಗೆದು ರೊಟ್ಟಿಯಗಲದ ಹಲ್ಲೊಂದನ್ನು ತೆಗೆದಳು. ಇಂಥ ಹಲ್ಲಿನವನು ಮನುಷ್ಯರ ಮನೆಯಲ್ಲಿ ಉಂಡವನೇ ಎಂದು ಕೇಳಿದಳು. ಪೂಜಾರಿ ಇನ್ನೂ ಗಡ್ಡ ನೀವುತ್ತಲೇ ಇದ್ದ. ಲೈಕೋರ್ತಾಸ ಬಿಡಲಿಲ್ಲ. ಹೊಲದ ನಾಲ್ಕೂ ಮೂಲೆ ಅಗೆದು, ಇದ್ದಿಲಿನಂಥ ಕರಿಮಣ್ಣನ್ನು ಬೊಗಸೆ ಬೊಗಸೆ ತಂದು ಅವನ ಮುಂದೆ ಸುರಿದ.

"ಸುಟ್ಟ ಮಣ್ಣು ನೋಡಿ ಅಜ್ಜ. ಜೀಯಸ್ ಸಿಡಿಲು ಹೊಡೆದು ಕೆಡವಿದ್ದು ಇಲ್ಲೇ. ಒಂದು ಮೂಲೇಲಲ್ಲ, ಇಡೀ ಹೊಲದಲ್ಲಿ."

ಪೂಜಾರಿ ಮಣ್ಣು ಮೂಸಿ ತಲೆಬಾಗಿಸಿದ. ದೈತ್ಯನೇ ಹೌದು ಎಂದ.

ಲೈಕೋರ್ತಾಸನಿಗೆ ಹೋದ ಜೀವ ಬಂದಂತಾಯಿತು. ಗೆದ್ದ ಮೇಲೆ ಮೂಳೆಯನ್ನು ನೋಡಿದರೆ ಯಾಕೋ ಕರುಳು ಚುರ್ ಎಂದಿತು. ಇವನೂ ಭೂತಾಯಿಯ ಮಗ. ಜೀಯಸ್ ತನ್ನಪ್ಪ ಕ್ರೋನಸನನ್ನೂ ಅವನ ಕಾಲದ ದೇವರುಗಳನ್ನೂ ಪಾತಾಳಕ್ಕೆ ತಳ್ಳಿದಾಗ, ಆ ಮಕ್ಕಳಿಗಾಗಿ ಮುನಿದ ತಾಯಿಯ ಪರ ನಿಂತು ಸತ್ತವನು. ಮಣ್ಣಿಗಾಗಿ ಬಡಿದಾಡುವುದು ತಪ್ಪಾದರೆ ತಾನು ಬೆಳಿಗ್ಗೆಯಿಂದ ಮಾಡಿದ್ದೇನು? ಗೆದ್ದವರು ಕತೆ ಹೇಳುವಾಗ ಸೋತವನಿಗೆ ಕಾಲನ್ನೂ ಉಳಿಸುವುದಿಲ್ಲ ಎಂದು ಅವನಿಗೆ ಬೇಸರವಾಯಿತು.

ಅಷ್ಟರಲ್ಲಿ ಪೂಜಾರಿ ಎಲ್ಲರನ್ನೂ ಹೊಲದಿಂದಾಚೆ ಹೊರಡಿಸಿ ಬೇಲಿಗೆ ಮುಳ್ಳು ತರಲು ಹೇಳಿದ. ಸಿಡಿಲು ಬಿದ್ದ ನೆಲ ಜೀಯಸ್‌ನದು, ಮನುಷ್ಯ ಅಲ್ಲಿ ಕಾಲಿಡುವಂತಿಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಕಟ್ಟಳೆ. ಲೈಕೋರ್ತಾಸನಿಗೂ ಗೊತ್ತಿತ್ತು, ಗೆಲ್ಲುವ ಭರದಲ್ಲಿ ಮರೆತಿದ್ದ.

ಬದುವಿನಾಚೆ ನಿಂತು, ವೀರನೇ ಆಗಿದ್ದರೆ ಏನಾಗುತ್ತಿತ್ತು ಎಂದು ಸಣ್ಣ ದನಿಯಲ್ಲಿ ಕೇಳಿದ.

"ಗುಡಿಗೆ ನಾಲ್ಕು ಹೆಜ್ಜೆ ಜಾಗ ಸಾಕಿತ್ತು. ನೀನೇ ಅದರ ಪೂಜಾರಿ ಆಗ್ತಿದ್ದೆ. ವರ್ಷಾ ವರ್ಷಾ ಬಲಿ ಮಾಂಸದ ಪಾಲು ಮನೆಗೇ ಬರ್ತಿತ್ತು."

ಆಚೆ ಊರಿನ ತೋಪು? ಒಡೆಯನಿಗೆ ಮಕ್ಕಳಿರಲಿಲ್ಲ, ತಾನಾಗಿಯೇ ದಾನ ಕೊಟ್ಟನಂತೆ. ಡೆಕ್ಸಿಯಾಸ ಆಕಾಶ ನೋಡತೊಡಗಿದ.

ಲೈಕೋರ್ತಾಸ ಪೂಜಾರಿಯ ಹತ್ತಿರ ಸರಿದ. "ಅಜ್ಜ, ಈಗ ಯೋಚನೆ ಮಾಡಿದ್ರೆ ಅದು ತೊಡೆ ಇದ್ದಂಗೇ ಇತ್ತು. ಇನ್ನೊಂದ್ಸಲ ನೋಡಿಬಿಡಿ."

"ನೋಡಬಹುದಿತ್ತು ಮಗಾ," ಎಂದ ಪೂಜಾರಿ, "ಆದ್ರೆ ಒಳಗೆ ಕಾಲಿಡೋ ಹಾಗಿಲ್ವಲ್ಲ."